ಅನುಕಂಪದ ಆಧಾರದ ನೌಕರಿ

ನಮ್ಮ ಅಕ್ಕನಿಗೆ ನೌಕರಿ ಸಿಕ್ಕಿದ್ದು 16ನೇ ವಯಸ್ಸಿನಲ್ಲಿ. ಅರ್ಜಿ ಹಾಕಿರಲಿಲ್ಲ, ಪರೀಕ್ಷೆ ಬರೆದಿರಲಿಲ್ಲ, ಯಾರ ಕೈಯನ್ನೂ ಬೆಚ್ಚಗೆ ಮಾಡಿರಲಿಲ್ಲ. ಪ್ರಶ್ನೆಪತ್ರಿಕೆ ಸೋರಿಸೋಣವೆಂದರೆ ಪ್ರಶ್ನೆಗಳೇ ಇರಲಿಲ್ಲ. ತಿಪಟೂರು ತಾಲ್ಲೂಕಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂರು ಜನ ಕೂತು ಎರಡು ಸುತ್ತು ಕಾಫಿ ಕುಡಿಯುವಷ್ಟರಲ್ಲಿ ನೇಮಕಾತಿ ಮುಗಿದಿತ್ತು. ಆಯ್ಕೆ ಸಮಿತಿಯಲ್ಲಿ ಇದ್ದವರು ನಮ್ಮ ಸೋದರಮಾವ, ದೊಡ್ಡಪ್ಪ, ಮತ್ತು ಯಾವ ಸಮಿತಿಯಲ್ಲಾದರೂ ಬಾಯಿ ಬಿಡದೆ ಕೂರುವ ನಮ್ಮಪ್ಪ. "ಹೆಣ್ಮಗು ಮನೇಲೇ ಇದೆಯಲ್ಲ, ನೋಡ್ಕೊಳ್ತಾಳೆ ಬಿಡಿ ಭಾವ" ಎಂದರು ಮಾವ. ಆದೇಶ ಪತ್ರ ಅಷ್ಟೇ. ಕಾಫಿ ಮಾಡಿಕೊಟ್ಟವಳೂ ಅಕ್ಕನೇ.

ಸರ್ಕಾರಿ ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಮನೆಯ ಒಬ್ಬರಿಗೆ ಅನುಕಂಪದ ಆಧಾರದ ಮೇಲೆ ಕೆಲಸ ಕೊಡುತ್ತಾರಲ್ಲ, ನಮ್ಮ ಬೀದಿಯಲ್ಲೇ ಒಬ್ಬ ಹಾಗೆ ಗುಮಾಸ್ತನಾದ. ಅಕ್ಕನ ನೌಕರಿಯೂ ಅದೇ ಕೋಟಾದ್ದು, ವ್ಯತ್ಯಾಸ ಸಣ್ಣದು. ಅಲ್ಲಿ ಒಬ್ಬರು ಸಾಯಬೇಕು, ಇಲ್ಲಿ ಅಮ್ಮ ಬದುಕಿದ್ದರೆ ಸಾಕು. ಅಲ್ಲಿ ಅನುಕಂಪ ಸರ್ಕಾರದ್ದು, ಸಂಬಳವೂ ಸರ್ಕಾರದ್ದೇ. ಇಲ್ಲಿ ಅನುಕಂಪ ನೆಂಟರದ್ದು, ಅದನ್ನೇ ಸಂಬಳ ಅಂದುಕೊಳ್ಳಬೇಕು. ರಜೆ ಇಲ್ಲ, ನಿವೃತ್ತಿ ಇಲ್ಲ. ವರ್ಗಾವಣೆಯೂ ಇಲ್ಲದ್ದರಿಂದ ವರ್ಗಾವಣೆ ದಂಧೆಯೂ ಇಲ್ಲ, ಅದೊಂದು ಪುಣ್ಯ.

ಅಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯದು ಕೊಬ್ಬರಿಯ ಬದುಕು. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತದೆ. ರಾತ್ರಿ ಒಂದು ಇಲಿ ಓಡಾಡಿದರೂ ಅಟ್ಟ ತನ್ನಷ್ಟಕ್ಕೆ ಏನೋ ಗೊಣಗಿದ ಹಾಗೆ ಕೇಳುತ್ತದೆ. ಹಾಗಾಗಿ "ಅಟ್ಟದಲ್ಲಿ ಯಾರೋ ಮಾತಾಡ್ತಾರೆ ಕಣ್ರೋ" ಎಂದು ಅಮ್ಮ ಮೊದಲ ಸಲ ಹೇಳಿದಾಗ ನಾವು ನಕ್ಕೆವು. ಎರಡನೇ ಸಲ ಹೇಳಿದಾಗ ಅಪ್ಪ ಇಲಿಬೋನು ತಂದರು. ಅಟ್ಟದವರು ಅಮ್ಮನನ್ನು ಹೆಸರು ಹಿಡಿದು ಬೈಯುತ್ತಾರೆ, ಸಾರಿಗೆ ಏನೋ ಬೆರೆಸುತ್ತಾರೆ ಎಂಬುದೆಲ್ಲ ನಮಗೆ ತಿಳಿಯುವ ಹೊತ್ತಿಗೆ ಆ ವರ್ಷದ ಕೊಬ್ಬರಿ ಮಾರಾಟವಾಗಿತ್ತು. ಅಟ್ಟ ಖಾಲಿ. ಮಾತು ಮಾತ್ರ ನಿಂತಿರಲಿಲ್ಲ.

ಮೊದಲು ನರದ ವೀಕ್‌ನೆಸ್ ಅಂದರು. ನಮ್ಮೂರಿನಲ್ಲಿ ಕತ್ತಿನಿಂದ ಮೇಲಕ್ಕೆ ಏನೇ ಕೆಟ್ಟರೂ ಅದು ನರದ ವೀಕ್‌ನೆಸ್ಸೇ. ಆಮೇಲೆ ಗಾಳಿ ಸೋಕಿದೆ ಅಂದರು, ತಾಯಿತ ಬಂತು. ಕುಕ್ಕೆಯಲ್ಲಿ ಸರ್ಪಸಂಸ್ಕಾರವೂ ಆಯಿತು. ಕೊನೆಗೆ ದೊಡ್ಡಪ್ಪ ಮುಂದಾಳಾಗಿ ಎಲ್ಲರನ್ನೂ ಗಾಣಗಾಪುರಕ್ಕೆ ಹೊರಡಿಸಿದರು. ಅಲ್ಲಿ ಆರತಿಯ ಹೊತ್ತಿಗೆ ಮೈಮೇಲೆ ಬಂದವರು ಕೂಗುತ್ತಾ ಕಂಬ ಹತ್ತುತ್ತಾರೆ. ಅಮ್ಮ ಸೆರಗು ಹೊದ್ದು ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. "ಪಾಪ, ಹುಷಾರಿಲ್ಲ ಕಣೋ ಅವರಿಗೆ. ಯಾರಾದ್ರೂ ಡಾಕ್ಟ್ರಿಗೆ ತೋರಿಸಬಾರದಾ?" ಅಂದಳು. ನಮ್ಮ ಇಡೀ ವಂಶದಲ್ಲಿ ಆ ಸಲಹೆ ಮೊಟ್ಟಮೊದಲು ಬಂದದ್ದು ರೋಗಿಯ ಬಾಯಿಂದ.

ಹೀಗೆ ಮೂರು ವರ್ಷ ಸುತ್ತಿದ ಮೇಲೆ ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು. ಸ್ಕಿಜೋಫ್ರೇನಿಯಾ. ಸುಮಾರು 100 ಜನರಲ್ಲಿ ಒಬ್ಬರಿಗೆ ಬರಬಹುದಾದ ಕಾಯಿಲೆ, ಎಂದರೆ ನಮ್ಮ ಊರಿನ ಒಂದು ಮದುವೆ ಪಂಕ್ತಿಯಲ್ಲಿ ಲೆಕ್ಕಕ್ಕೆ ಒಬ್ಬರಾದರೂ ಇರಬೇಕು. ಇರುವುದಿಲ್ಲ, ಯಾಕೆಂದರೆ ಅವರನ್ನು ಮದುವೆಗೆ ಕರೆದುಕೊಂಡು ಬರುವುದಿಲ್ಲ. ಮಾವ ಆ ಹೆಸರನ್ನು ಒಂದೇ ಸಲಕ್ಕೆ ಮರೆತು, ಕೇಳಿದವರಿಗೆಲ್ಲ "ತಂಗಿಗೆ ಥೈರಾಯ್ಡು" ಎನ್ನತೊಡಗಿದರು.

ಅಕ್ಕನ ಮುಖ್ಯ ಕರ್ತವ್ಯ ಮಾತ್ರೆ ನುಂಗಿಸುವುದು. ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್, ವಾರದಲ್ಲಿ ಮೂರು ದಿನ ನೈಟ್ ಹಾಲ್ಟ್. ಅಮ್ಮ ಅಷ್ಟರಲ್ಲಿ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡೇ ಒಂದು ಚೊಂಬು ನೀರು ಕುಡಿಯುವ ವಿದ್ಯೆ ಕಲಿತಿದ್ದಳು. ಒಂದು ಬೇಸಿಗೆಯಲ್ಲಿ ಹಿತ್ತಿಲ ಕರಿಬೇವಿನ ಬುಡ ಕೆದಕಿದಾಗ ಬಿಳಿಯ ಚೂರುಗಳು ಸಿಕ್ಕವು. ನಾಲ್ಕು ತಿಂಗಳ ಔಷಧ. ಆ ಕರಿಬೇವಿನ ಬದುಕಿನಲ್ಲಿ ಅಷ್ಟು ನೆಮ್ಮದಿಯ ವರ್ಷ ಮತ್ತೆ ಬರಲಿಲ್ಲ. ಅಂದಿನಿಂದ ಅಕ್ಕ ದಿನಾ ರಾತ್ರಿ ಟಾರ್ಚ್ ಹಿಡಿದು "ಬಾಯಿ ತೆಗಿಯಮ್ಮ, ನಾಲಿಗೆ ಎತ್ತು" ಅನ್ನತೊಡಗಿದಳು. ಯಶೋದೆ ಕೃಷ್ಣನ ಬಾಯಿ ತೆಗೆಸಿದಾಗ ಬ್ರಹ್ಮಾಂಡ ಕಂಡಿತಂತೆ. ಅಕ್ಕ ಅಮ್ಮನ ಬಾಯಿ ತೆಗೆಸಿದಾಗ ಕಾಣುತ್ತಿದ್ದದ್ದು ಎರಡು ಮಿಲಿಗ್ರಾಂ ಮಾತ್ರೆ.

ಆಮೇಲೆ ಹನಿ ಔಷಧ ಬಂತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. "ಕಾಫಿಗೆ ಹಾಕಿಬಿಡಿ" ಎಂದವರು ಯಾರು ಅಂತ ಈಗ ಯಾರಿಗೂ ನೆನಪಿಲ್ಲ. ಹಾಕಿದವಳು ಅಕ್ಕ ಎಂಬುದು ಎಲ್ಲರಿಗೂ ನೆನಪಿದೆ. ಸಾರಿಗೆ ಯಾರೋ ಏನೋ ಬೆರೆಸುತ್ತಾರೆ ಎಂಬುದು ಅಮ್ಮನ ಕಾಯಿಲೆ, ಅವಳಿಗೆ ತಿಳಿಯದ ಹಾಗೆ ಕಾಫಿಗೆ ಬೆರೆಸುವುದು ಅದಕ್ಕೆ ನಾವು ಕಂಡುಕೊಂಡ ಚಿಕಿತ್ಸೆ. ಮೂರನೇ ದಿನವೇ ಅಮ್ಮನಿಗೆ ಅನುಮಾನ ಬಂತು. ಈ ಸಲ ಅವಳ ಅನುಮಾನ ಪಕ್ಕಾ ಇತ್ತು. ಲೋಟವನ್ನು ಅಕ್ಕನ ಕಡೆ ತಳ್ಳಿ "ಮೊದಲು ನೀನು ಕುಡಿ" ಅಂದಳು. ಅಕ್ಕ ಎರಡು ಗುಟುಕು ಕುಡಿದು ತೋರಿಸಿದಳು. ಮಾರನೆಯ ದಿನವೂ ಹಾಗೇ. ಇಡೀ ಒಂದು ಪಿಯುಸಿ ವರ್ಷ ಹಾಗೇ.

ಮೊದಲ ಪೀರಿಯಡ್ ಅಕೌಂಟೆನ್ಸಿ. ಆ ಎರಡು ಗುಟುಕು ಹತ್ತು ಗಂಟೆಯ ಸುಮಾರಿಗೆ ಕಣ್ಣಿಗೆ ಏರುತ್ತಿತ್ತು. ಒಂದು ದಿನ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋದವಳಿಗೆ ಲೆಕ್ಚರರ್ ಚಾಕ್‌ಪೀಸ್ ಎಸೆದರು. "ರಾತ್ರಿಯೆಲ್ಲ ಟಿವಿ ನೋಡ್ತೀಯೇನಮ್ಮ?" ಎಂದರು. ಕ್ಲಾಸೆಲ್ಲ ನಕ್ಕಿತು. ಅಕ್ಕ ಎದ್ದು ನಿಂತು "ಹೌದು ಸಾರ್" ಅಂದಳಂತೆ. ಎಷ್ಟಾದರೂ ಟಿವಿ ನೋಡುವ ಹುಡುಗಿಗೆ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ಆ ವರ್ಷ ಅಕೌಂಟೆನ್ಸಿ ಒಂದು ಉಳಿಯಿತು. "ಓದೋದರಲ್ಲಿ ಅಷ್ಟಕ್ಕಷ್ಟೇ" ಎಂದು ಆಯ್ಕೆ ಸಮಿತಿ ಷರಾ ಬರೆಯಿತು.

ನನ್ನ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೊಬ್ಬ ಸಾಕ್ಷಿಯಷ್ಟೇ ಅಂದುಕೊಳ್ಳುತ್ತೀರಿ. ಎರಡು ತಿಂಗಳಿಗೊಮ್ಮೆ ಫೈಲು ಹಿಡಿದು, ಅಮ್ಮನ ಜೊತೆ ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿಬರುವುದು ನನ್ನ ಕೆಲಸ. ಆವತ್ತು ಶಾಲೆ ತಪ್ಪುತ್ತಿತ್ತು, ಹೋಟೆಲಿನಲ್ಲಿ ಮಸಾಲೆದೋಸೆ ಸಿಗುತ್ತಿತ್ತು. ಇಷ್ಟಕ್ಕೇ ಊರು ನನಗೆ "ಶ್ರವಣಕುಮಾರ" ಎಂದು ಬಿರುದು ಕೊಟ್ಟಿತು. ದಿನಾ ನಾಲಿಗೆ ಎತ್ತಿಸುತ್ತಿದ್ದ ಅಕ್ಕನಿಗೆ ಯಾವ ಬಿರುದೂ ಬರಲಿಲ್ಲ. ಗಂಡು ಮಾಡಿದರೆ ತ್ಯಾಗ, ಹೆಣ್ಣು ಮಾಡಿದರೆ ಅಡುಗೆಮನೆಯ ಕೆಲಸದಲ್ಲಿ ಅದೂ ಒಂದು. ನಾನೂ ಆ ಬಿರುದನ್ನು ನಾಚಿಕೆಯಿಲ್ಲದೆ ಬಹಳ ವರ್ಷ ಹೊತ್ತು ತಿರುಗಿದೆ.

ಅಂದಹಾಗೆ, ಶ್ರವಣಕುಮಾರನ ಕಥೆಯನ್ನು ನಮ್ಮ ಹಿರಿಯರು ಅವನು ಬುಟ್ಟಿ ಹೊರುವ ತನಕ ಮಾತ್ರ ಹೇಳಿ ಎದ್ದುಬಿಡುತ್ತಾರೆ. ಮುಂದೇನಾಯಿತು? ಅಪ್ಪ ಅಮ್ಮನಿಗೆ ನೀರು ತರಲು ಹೋದ ಹುಡುಗ ದಶರಥನ ಬಾಣ ನಾಟಿ ಸತ್ತ. ಕೊಡ ತುಂಬುವ ಸದ್ದು ರಾಜನ ಕಿವಿಗೆ ಆನೆ ನೀರು ಕುಡಿದ ಹಾಗೆ ಕೇಳಿಸಿತಂತೆ. ಇಲ್ಲದ ಆನೆ ರಾಜನಿಗೆ ಕೇಳಿಸಿದರೆ ಶಬ್ದವೇಧಿ ವಿದ್ಯೆ. ನಮ್ಮಮ್ಮನಿಗೆ ಕೇಳಿಸಿದರೆ ಹುಚ್ಚು.

ಆಸ್ಪತ್ರೆಯ ಕೌಂಟರಿನಲ್ಲಿ ನನಗೂ ಗುಮಾಸ್ತರಿಗೂ ನಡೆಯುತ್ತಿದ್ದ ಮಾತುಕತೆ ಪ್ರತಿ ಸಲವೂ ಒಂದೇ.

"ಜೊತೆಗೆ ದೊಡ್ಡೋರು ಯಾರೂ ಬಂದಿಲ್ವೇನಪ್ಪ?"

"ಅಮ್ಮ ಬಂದಿದಾರೆ."

"ಅವರು ಪೇಷಂಟು ಕಣೋ. ದೊಡ್ಡೋರು ಯಾರು?"

ನನಗಾಗ 14. ನಾನು ಹಿಂದೆ ತಿರುಗಿ, ಯಾರಾದರೂ ದೊಡ್ಡವರು ಇದ್ದಾರೇನೋ ಎಂದು ನೋಡುತ್ತಿದ್ದೆ. ಅಮ್ಮನೂ ತಿರುಗಿ ನೋಡುತ್ತಿದ್ದಳು.

ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಒಳ್ಳೆಯ ಕಾಯ್ದೆ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ರೋಗಿಗೆ ಹಕ್ಕುಗಳಿವೆ, ಘನತೆಯಿದೆ, ಸರಪಳಿ ಹಾಕುವ ಹಾಗಿಲ್ಲ. ಅದರಲ್ಲಿ ಆರೈಕೆದಾರರ ವ್ಯಾಖ್ಯೆಯೂ ಉಂಟು: ರೋಗಿಯ ಜೊತೆ ವಾಸವಿದ್ದು ನೋಡಿಕೊಳ್ಳುವ ಹೊಣೆ ಹೊತ್ತವರು, ಸಂಬಂಧಿಯಾಗಲಿ ಬೇರೆಯವರಾಗಲಿ, ಪುಕ್ಕಟೆಯಾಗಲಿ ಸಂಬಳಕ್ಕಾಗಲಿ. ಓದಿದಾಗ ಮೈ ಜುಮ್ಮೆಂದಿತು, ಗೆಜೆಟ್ಟಿನಲ್ಲಿ ಅಕ್ಕ ಇದ್ದಾಳೆ! ಮುಂದೆ ಓದಿದರೆ, ರೋಗಿಯ ಪರವಾಗಿ ನಿರ್ಧಾರಗಳಲ್ಲಿ ಜೊತೆ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿ ಮಾತ್ರ ಅಪ್ರಾಪ್ತ ವಯಸ್ಸಿನವರಾಗಿರಬಾರದು. ಸರಿಯೇ, ಮಕ್ಕಳ ಮೇಲೆ ಅಂಥ ಭಾರ ಹಾಕಬಾರದು. ಹಾಗಾಗಿ ಪ್ರತಿನಿಧಿಯಾಗಲು 18 ತುಂಬಿರಬೇಕು. ಟಾರ್ಚ್ ಹಿಡಿದು ತಾಯಿಯ ನಾಲಿಗೆ ಎತ್ತಿಸಲು ಎಷ್ಟು ತುಂಬಿರಬೇಕು ಎಂದು ಯಾವ ಸೆಕ್ಷನ್ನಿನಲ್ಲೂ ಬರೆದಿಲ್ಲ. ಬಾಲಕಾರ್ಮಿಕ ಕಾಯ್ದೆಯನ್ನಾದರೂ ನೋಡೋಣವೆಂದರೆ, 14 ತುಂಬದ ಮಗು ಹೋಟೆಲಿನಲ್ಲಿ ಲೋಟ ತೊಳೆದರೆ ಮಾಲೀಕನಿಗೆ ಶಿಕ್ಷೆ. ಅದೇ ಮಗು ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾದರೆ ಅಡ್ಡಿಯಿಲ್ಲ ಎಂದು 2016ರ ತಿದ್ದುಪಡಿ ಹೇಳುತ್ತದೆ. ಅಮ್ಮನ ಕಾಯಿಲೆ ಪಾಪ, ಶಾಲೆ ಬಿಟ್ಟ ಮೇಲೆಯೇ ಬರಬೇಕಿತ್ತು. ಇಂಗ್ಲೆಂಡಿನಲ್ಲಿ ಇಂಥ ಮಕ್ಕಳಿಗೆ ಯಂಗ್ ಕೇರರ್ ಎಂದೇ ಹೆಸರಿದೆ, 2014ರ ಒಂದು ಕಾನೂನಿನ ಪ್ರಕಾರ ಅವರಿಗೆ ಏನು ನೆರವು ಬೇಕೆಂದು ಸ್ಥಳೀಯ ಆಡಳಿತವೇ ವಿಚಾರಿಸಬೇಕು. ನಮಗೆ ಅದೆಲ್ಲ ಯಾಕೆ, ಪುರಾಣದಲ್ಲಿ ರೆಡಿಮೇಡ್ ಹೆಸರಿದೆ.

ಇಷ್ಟಾಗಿ ಇದು ಯಾರೋ ದುಷ್ಟರು ಕೂತು ಹೂಡಿದ ಸಂಚಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬುವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಜೊತೆಗೆ ಇರಿಸಿಕೊಂಡರು. ಮನೆಯವರಿಗೆ ಕಾಯಿಲೆ ಅರ್ಥವಾದರೆ ರೋಗಿ ಬೇಗ ಮನೆ ಸೇರುತ್ತಾನೆ ಎಂಬುದು ಅವರ ತಿಳಿವಳಿಕೆ. ದೊಡ್ಡ ಮನಸ್ಸಿನ ಕೆಲಸ. ಆಮೇಲೆ ಸೆಮಿನಾರಿನವರು ಬಂದರು. "ಕುಟುಂಬವೇ ಭಾರತದ ದೊಡ್ಡ ಶಕ್ತಿ" ಎಂಬ ಸ್ಲೈಡ್ ಬಂತು. ಆಸ್ಪತ್ರೆಯೊಳಕ್ಕೆ ಅತಿಥಿಯಾಗಿ ಕರೆಸಿಕೊಂಡಿದ್ದ ಕುಟುಂಬದ ತಲೆಗೇ ಮೆಲ್ಲಗೆ ಆಸ್ಪತ್ರೆಯನ್ನು ಕಟ್ಟಿ ಕಳಿಸಿದರು. ಕುಟುಂಬ ಎಂದರೆ ಯಾರು ಎಂದು ಯಾವ ಸ್ಲೈಡಿನಲ್ಲೂ ಇರುವುದಿಲ್ಲ. ಬಿಡಿಸಿ ನೋಡಿದರೆ ಅದರೊಳಗೆ ಸಾಮಾನ್ಯವಾಗಿ ಒಬ್ಬ ಪಿಯುಸಿ ಹುಡುಗಿ ನಿದ್ದೆಗಣ್ಣಿನಲ್ಲಿ ಕೂತಿರುತ್ತಾಳೆ.

ಸರ್ಕಾರದ ಕಡೆಯಿಂದ 1982ರಲ್ಲೇ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿದೆ. ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಜಿಲ್ಲಾ ಮಟ್ಟದ ಮಾದರಿಯೊಂದನ್ನು ಮಾಡಿ ತೋರಿಸಿದರು, 1996ರಲ್ಲಿ ಅದೇ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅಚ್ಚಾಯಿತು. ದೇಶಕ್ಕೇ ಪಾಠ ಹೇಳಿದ ರಾಜ್ಯ ನಮ್ಮದು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ "ಮನೋಚೈತನ್ಯ" ಆಮೇಲೆ ಬಂತು. ಮಂಗಳವಾರ ನಮ್ಮಲ್ಲಿ ಕ್ಷೌರದಂಗಡಿ ಬಾಗಿಲು ಹಾಕಿರುತ್ತದೆ. ತಲೆಯ ಹೊರಗಿನ ಕೆಲಸಕ್ಕೆ ರಜೆ, ಒಳಗಿನದಕ್ಕೆ ಡ್ಯೂಟಿ. ಹುಚ್ಚಿಗೆ ವಾರ ಗೊತ್ತಾಗುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬುಧವಾರ ಅಟ್ಟದವರು ಬೈದರೆ "ಆರು ದಿನ ತಡ್ಕೊಳ್ರಪ್ಪ" ಅನ್ನಬಹುದಿತ್ತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಪುಕ್ಕಟೆಯಾಗಿ ಫೋನ್ ಮಾಡಬಹುದು. ಅಕ್ಕನ ಕಾಲಕ್ಕೆ ಇದ್ದಿದ್ದರೂ ಕಷ್ಟವಿತ್ತು ಅನ್ನಿ. ನಮ್ಮ ಮನೆಯ ಫೋನು ಪಡಸಾಲೆಯಲ್ಲಿತ್ತು, ಅದರ ಪಕ್ಕದ ಕುರ್ಚಿ ಮಾವನದು.

ಅಕ್ಕನ ಮದುವೆ ಮಾತು ಶುರುವಾದಾಗ ಊರಿನವರೆಲ್ಲ ತಳಿವಿಜ್ಞಾನಿಗಳಾದರು. ತಂದೆ ತಾಯಿಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು 10ಕ್ಕೆ ಒಂದು. ಉಳಿದ ಒಂಬತ್ತರ ಲೆಕ್ಕ ಗಂಡಿನ ಕಡೆಯವರಿಗೆ ಬರುವುದಿಲ್ಲ. ಗಂಡಿನ ತಂದೆಗೆ ಸಕ್ಕರೆ, ತಾಯಿಗೆ ಸಕ್ಕರೆ, ಅಜ್ಜನ ಕಾಲು ತೆಗೆದದ್ದೂ ಸಕ್ಕರೆಗೇ. ಅದನ್ನೆಲ್ಲ ಕೋಸಂಬರಿ ಬಡಿಸಿದ ಹಾಗೆ ಹೇಳಿಕೊಂಡು, ಸಿಹಿ ಬೇಡವೆಂದು ಎರಡೆರಡು ಹೋಳಿಗೆ ತಿಂದು ಎದ್ದರು. ಹೋಗುವಾಗ ಬಾಗಿಲ ಬಳಿ ತಗ್ಗಿದ ದನಿಯಲ್ಲಿ "ತಾಯಿಯವರಿಗೆ ಏನೋ ಸ್ವಲ್ಪ... ಅಂತ ಕೇಳಿದೆವು" ಅಂದರು. ಆ ಮೂರು ಚುಕ್ಕೆಗಳಲ್ಲಿ ನಾಲ್ಕು ಸಂಬಂಧ ಮುರಿದವು. ಅಕ್ಕನಿಗೇನೂ ಬೇಸರವಾದಂತೆ ಕಾಣಲಿಲ್ಲ. ನೌಕರಿಯಲ್ಲಿದ್ದವಳಲ್ಲವೇ, ರಜೆ ಮಂಜೂರಾಗುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು.

ದೊಡ್ಡಮ್ಮ ತಮ್ಮ ಮಗಳ ಮದುವೆಗೆ ಕರೆಯಲು ಬಂದ ಸಂಜೆ ಟಿವಿಯಲ್ಲಿ "ಶರಪಂಜರ" ಬರುತ್ತಿತ್ತು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣನವರ ಸಿನಿಮಾ, ಕಲ್ಪನಾ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬರುತ್ತಾಳೆ, ಮನೆಯವರಿಗೆ ಮಾತ್ರ ಗುಣವಾಗುವುದಿಲ್ಲ. ದೊಡ್ಡಮ್ಮ ಸೆರಗಿನ ತುದಿ ನೆನೆಯುವಷ್ಟು ಅತ್ತರು. ಅತ್ತು ಮೂಗು ಒರೆಸಿಕೊಂಡು, "ನಿಮ್ಮಮ್ಮನ್ನ ಧಾರೆ ದಿನ ಕರ್ಕೊಂಡು ಬರಬೇಡ ಕಣೇ, ಬೀಗರು ಹೊಸಬರು" ಎಂದು ಅಕ್ಕನಿಗೆ ಹೇಳಿ ಅರಿಶಿನ ಕುಂಕುಮ ತೆಗೆದುಕೊಂಡು ಹೋದರು. ಕನ್ನಡ ನಾಡೇ ಕಾವೇರಿಗಾಗಿ ಅತ್ತಿದೆ. ಆ ಮನೆಯ ಮಕ್ಕಳು ಆಮೇಲೆ ಏನಾದರು ಎಂದು ಅತ್ತವರಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಾಣೆ.

ಅಮ್ಮ ಸುಧಾರಿಸಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮನಿಂದ. ಆಕೆ ಫೈಲು ಮುಚ್ಚಿಟ್ಟು, ನನ್ನ ಕಡೆ ನೋಡದೆ, ನೇರವಾಗಿ ಅಮ್ಮನನ್ನೇ ಕೇಳಿದರು: "ಈ ಮಾತ್ರೆ ತಗೊಂಡ್ರೆ ನಿಮಗೆ ಏನಾಗುತ್ತಮ್ಮ?" ಅಮ್ಮ ಎರಡೂ ಕೈ ಮುಂದೆ ಚಾಚಿದಳು. ಬೆರಳು ಸಣ್ಣಗೆ ನಡುಗುತ್ತಿದ್ದವು. "ರಂಗೋಲಿ ಗೆರೆ ನಿಲ್ಲಲ್ಲ" ಅಂದಳು. ಕರಿಬೇವಿನ ಬುಡ ಸೇರಿದ ಮಾತ್ರೆಗಳ ಕಾರಣ ಇಷ್ಟೇ ಆಗಿತ್ತು. ನಾವು ನಾಲಿಗೆ ಎತ್ತಿಸಿದ್ದೆವು, ಕೈ ಚಾಚು ಅಂದಿರಲಿಲ್ಲ. ಮಾತ್ರೆ ಬದಲಾಯಿತು, ಪ್ರಮಾಣ ಬದಲಾಯಿತು. ಅಟ್ಟದವರು ಪೂರ್ತಿ ಖಾಲಿ ಮಾಡಲಿಲ್ಲ, ದನಿ ತಗ್ಗಿಸಿದರು. ಈಗ ರಾತ್ರಿ ಊಟದ ತಟ್ಟೆಯ ಪಕ್ಕ ಮಾತ್ರೆ ಇಟ್ಟುಕೊಂಡು ತಾನೇ ನುಂಗುತ್ತಾಳೆ. ಒಮ್ಮೆ ಮಾವ ಬಂದಿದ್ದಾಗ "ಮಾತ್ರೆ ಸರಿಯಾಗಿ ತಗೊಳ್ತಿದೀಯೇನಮ್ಮ?" ಎಂದು ತನಿಖಾಧಿಕಾರಿಯ ಹಾಗೆ ಕೇಳಿದರು. ಅಮ್ಮ ಮಜ್ಜಿಗೆ ಕಲಸುತ್ತಾ, "ನಿನ್ನ ಬಿಪಿ ಮಾತ್ರೆ ಯಾರು ನೋಡ್ತಾರಣ್ಣ? ಬಾಯಿ ತೆಗಿ, ನಾಲಿಗೆ ಎತ್ತು ನೋಡಣ" ಅಂದಳು. ಅಕ್ಕ ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕದ್ದನ್ನು ನಾನು ನೋಡಿದ್ದೇನೆ. ಆಗ ಅವಳಿಗೆ 38.

ಹೋದ ತಿಂಗಳು ಮಾವನ ಫೋನು. ರಾತ್ರಿ ಹತ್ತೂವರೆ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಮೂರು ತಿಂಗಳಾಯಿತಂತೆ, ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಗೋಡೆಯ ಜೊತೆ ಮಾತಾಡುತ್ತಾನೆ, ಊಟದಲ್ಲಿ ಏನೋ ಇದೆ ಅನ್ನುತ್ತಾನೆ. ಗಂಟಲು ಕಟ್ಟಿತ್ತು ಮಾವನಿಗೆ. "ಯಾವ ಡಾಕ್ಟ್ರು ಅಂತ ಹೇಳು ಮಗ. ಯಾರಿಗೂ ಬಾಯಿ ಬಿಡಬೇಡ. ಕೇಳಿದೋರಿಗೆ ಥೈರಾಯ್ಡು ಅಂದಿದೀನಿ." ನಾನು ಹೆಸರು, ದಿನ, ಏನೇನು ಒಯ್ಯಬೇಕು ಎಲ್ಲ ಹೇಳಿದೆ. ರಾತ್ರಿ ಹೊತ್ತು ಜೊತೆಗೆ ಯಾರಿರುತ್ತಾರೆ ಎಂದು ಕೇಳಿದೆ.

"ಹುಡುಗಿ ಇದಾಳಲ್ಲ, ನೋಡ್ಕೊಳ್ತಾಳೆ. ಸೆಕೆಂಡ್ ಪಿಯು ಅಷ್ಟೇ, ಅಂಥ ಓದೇನಿರುತ್ತೆ."

ಅಕ್ಕ ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದಳು. ಸ್ಪೀಕರ್ ಹಾಕಿದ್ದೆ. ಕೈ ಒರೆಸಿಕೊಂಡು ನನ್ನಿಂದ ಫೋನು ಕಸಿದುಕೊಂಡಳು.

"ಮಾವ, ಅವಳ ಕೈಗೆ ಫೋನ್ ಕೊಡಿ. ಎರಡು ಮಾತಾಡಬೇಕು."

"ಅವಳ ಹತ್ರ ಇದನ್ನೆಲ್ಲ ಮಾತಾಡೋದು ಚೆನ್ನಾಗಿರಲ್ಲ ಕಣಮ್ಮ," ಅಂದರು ಮಾವ. "ಅವಳಿನ್ನೂ ಚಿಕ್ಕೋಳು."